ಹಣಮಂತ್ರಾಯನ ಕೂಗು, ಭೀಮವ್ವನ ಕರೆ

ದೋರನಹಳ್ಳಿಯ ಹಣಮಂತ್ರಾಯ ಮೂವತ್ತು ವರ್ಷ ಮಾಡಿದ್ದು ಒಂದೇ ಕೆಲಸ, ಕೂಗುವುದು. ಗುಡ್ಡದ ಬುಡದಲ್ಲಿರುವ ಹಂಪಣ್ಣ ಸಾವ್ಕಾರರ ಶೇಂಗಾ ಹೊಲದ ನಡುವೆ ಅಟ್ಟ ಹಾಕಿಕೊಂಡು, ಹೊತ್ತು ಮುಳುಗಿದರೆ ಸಾಕು, "ಹೋಯ್ ಹಾ! ಹೋಯ್ ಹಾ!" ಎಂದು ಗಂಟಲು ಹರಿಯುವಂತೆ ಒದರುತ್ತಿದ್ದ. ಕರಡಿಯಿರಲಿ ಹಂದಿಯಿರಲಿ, ಬಂಡೆಗಳ ಹಿಂದೆ ಪರಾರಿ. ಮನೆಯಲ್ಲೂ ಅವನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಉಣ್ಣುವಾಗ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಿದ್ದರು.

ಇಂಥವನ ಕೆಲಸ ಹೋದದ್ದೂ ಅವನ ಬಾಯಿಂದಲೇ. ಹೋದ ವರ್ಷ ಸಾವ್ಕಾರರು ಮೊಬೈಲು ಮುಂದೆ ಹಿಡಿದು, "ಹಣಮಂತ್ರಾಯ, ಒಮ್ಮೆ ಜೋರಾಗಿ ಒದರಲಾ, ನೋಡೂಣು" ಎಂದರು. ಕಡೆಗೂ ತನ್ನ ಬೆಲೆ ತಿಳಿಯಿತಲ್ಲ ಎಂದು ಹಿಗ್ಗಿ ಈ ಪುಣ್ಯಾತ್ಮ ಎಂದೂ ಕೂಗದಂತೆ ಕೂಗಿದ. ಮುಂದಿನ ವಾರ ಅಟ್ಟದ ಮೇಲೆ ಒಂದು ಮೈಕು ಬಂದು ಕೂತಿತು. ಸಂಜೆಯಿಂದ ಬೆಳಗಿನವರೆಗೆ ಅರ್ಧ ತಾಸಿಗೊಮ್ಮೆ ಅದು ಅವನದೇ ದನಿಯಲ್ಲಿ ಒದರತೊಡಗಿತು.

"ಮಶೀನಿಗಿ ಊಟ ಬೇಕಿಲ್ಲ, ನಿದ್ದಿ ಬೇಕಿಲ್ಲ. ನೀ ಇನ್ನ ಆರಾಮ ಇರು" ಎಂದರು ಸಾವ್ಕಾರರು.

ಆದರೆ ಮೈಕಿನಲ್ಲಿ ಇನ್ನೊಂದು ದನಿಯೂ ಸೇರಿಕೊಂಡಿತ್ತು. ಮೊಬೈಲು ಬಂದ್ ಮಾಡುವ ಮೊದಲೇ ಬದುವಿನಾಚೆಯ ಮನೆಯಿಂದ ಹೆಂಡತಿ ಭೀಮವ್ವ ಎಂದಿನಂತೆ ಕರೆದಿದ್ದಳು: "ರೊಟ್ಟಿ ಆರಾಕತ್ತಾವ, ಲಗೂನ ಬರ್ರೀ!" ಅದನ್ನು ಕತ್ತರಿಸಿ ತೆಗೆಯುವುದು ಸಾವ್ಕಾರರಿಗೆ ಗೊತ್ತಿರಲಿಲ್ಲ. ಹೀಗೆ, ಊಟವೇ ಬೇಡದ ಮಶೀನು ಅರ್ಧ ತಾಸಿಗೊಮ್ಮೆ ಊರಿಗೆಲ್ಲ ಊಟದ ಕರೆ ಕೊಡುತ್ತಿತ್ತು.

ಕೆಲಸವಿಲ್ಲದ ಹಣಮಂತ್ರಾಯ ಕಟ್ಟೆಯ ಮೇಲೆ ಕೂತು ತನ್ನ ದನಿ ತಾನೇ ಕೇಳುತ್ತ ಸೊರಗಿದ. ಅಷ್ಟರಲ್ಲಿ ಯಾದಗಿರಿಯ ಕಾಲೇಜಿನಲ್ಲಿ ಪಾಠ ಹೇಳುವ ರೇವತಿ ಮೇಡಂ ಬಂದರು. ಒಂದು ರಾತ್ರಿ ಗುಡ್ಡದಲ್ಲಿದ್ದು ಕಾಡುಪ್ರಾಣಿ ನೋಡಬೇಕೆಂದು ಜೊತೆಗೆ ಮೂರು ಜನರನ್ನೂ ಕರೆತಂದಿದ್ದರು. ಗುಡ್ಡ ಬಲ್ಲವರು ಯಾರೆಂದು ಕೇಳಿದರೆ ಊರವರೆಲ್ಲ ಹಣಮಂತ್ರಾಯನ ಕಡೆ ಕೈ ತೋರಿಸಿದರು. ಪ್ರಾಣಿ ಓಡಿಸುವವನನ್ನೇ ಪ್ರಾಣಿ ತೋರಿಸಲು ಕಳಿಸುವ ಬುದ್ಧಿ ನಮ್ಮವರಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು?

"ಕಾಕಾ, ಒಂದ ಒಂದು ಕರಡಿ ತೋರಸ್ರಿ ಸಾಕು" ಎಂದರು ಮೇಡಂ. "ಪ್ರತಿ ಶನಿವಾರ ಮಂದಿನ ಕರಕೊಂಡು ಬರ್ತೀನಿ, ಈ ಕೆಲಸ ನಿಮಗ ಕಾಯಂ. ಕಾಣಲಿಲ್ಲಂದ್ರ ನಾವು ಸುರಪುರದ ಕಡಿ ಗುಡ್ಡಕ್ಕ ಹೋಗ್ತೀವಿ."

ಕಾಯಂ ಎಂಬ ಮಾತನ್ನು ಹಣಮಂತ್ರಾಯ ತನ್ನ ಆಯುಷ್ಯದಲ್ಲಿ ಮೊದಲ ಸಲ ತನ್ನ ಬಗ್ಗೆ ಕೇಳಿದ. ಅವನ ಕಣ್ಣು ತುಂಬಿ ಬಂತು.

ನಾಲ್ಕು ಗಂಟೆಗೆ ಗುಡ್ಡ ಏರತೊಡಗಿದರು. ಮೊದಲ ತಿರುವಿನಲ್ಲೇ ನವಿಲು ಕಂಡಿತು. "ಹೋಯ್ ಹಾ!" ಎಂದ ಹಣಮಂತ್ರಾಯ. ಬೇಕೆಂದು ಕೂಗಿದ್ದಲ್ಲ, ಬಾಯಿಗೆ ಬಿದ್ದ ರೂಢಿ. ನವಿಲು ಕಣಿವೆ ದಾಟಿತು. ಮುಂದೆ ನರಿ ಕಂಡಿತು, ಅದಕ್ಕೂ ಅದೇ ಮರ್ಯಾದೆ. ಆ ಮೂವರಲ್ಲೊಬ್ಬರು, ಬ್ಯಾಂಕಿನಿಂದ ನಿವೃತ್ತರಾದ ನಸೀರುದ್ದೀನ ಸಾಹೇಬರು, ಕಂಡ ಪ್ರಾಣಿಗಳ ಪಟ್ಟಿ ಬರೆಯುತ್ತಿದ್ದರು. ಬಲು ಪ್ರಾಮಾಣಿಕ ಮನುಷ್ಯ. "ನವಿಲು, ಬೆನ್ನು ಮಾತ್ರ. ನರಿ, ಬಾಲ ಮಾತ್ರ" ಎಂದು ಬರೆದುಕೊಂಡರು.

ಮೇಡಂ ಬಗ್ಗಿ ಆ ಪಟ್ಟಿ ಓದಿದರು. ಅದೇ ಹಣಮಂತ್ರಾಯನಿಗೆ ಹೆಚ್ಚು ಚುಚ್ಚಿತು. ಹೆಗಲ ಟವೆಲ್ಲನ್ನು ಉಂಡೆ ಮಾಡಿ ತನ್ನ ಬಾಯಿಗೆ ತಾನೇ ತುರುಕಿಕೊಂಡ.

ಹೊಲದ ನೇರ ಮೇಲಿನ ಚಪ್ಪಟೆ ಬಂಡೆಯ ಮೇಲೆ ಎಲ್ಲರೂ ಬೋರಲು ಮಲಗಿದರು. ಹೊತ್ತು ಮುಳುಗಿತು, ತಿಂಗಳ ಬೆಳಕು ಬಿತ್ತು. ಕೆಳಗಿನ ಎರಡು ಬಂಡೆಗಳ ಸಂದಿಯಿಂದ ಕರಡಿಯೊಂದು ಮೂಗು ಹೊರಗೆ ಹಾಕಿತು. ಹಣಮಂತ್ರಾಯನ ಗಂಟಲಲ್ಲಿ ಮೂವತ್ತು ವರ್ಷಗಳು ಒಟ್ಟಿಗೇ ಎದ್ದುನಿಂತವು. ಅವನು ಟವೆಲ್ಲು ಕಚ್ಚಿದ, ಬೆವರಿದ, ಆದರೂ ಕೂಗಲಿಲ್ಲ. ಕರಡಿ ಪೂರ್ತಿ ಹೊರಗೆ ಬಂತು. ಗೆದ್ದೆ ಅಂದುಕೊಂಡ.

"ಹೋಯ್ ಹಾ! ಹೋಯ್ ಹಾ!"

ಕರಡಿ ಸಂದಿಯೊಳಗೆ ಮಾಯ. ನಾಲ್ಕೂ ಜನ ತಿರುಗಿ ಹಣಮಂತ್ರಾಯನನ್ನು ನೋಡಿದರು.

"ಕಾಕಾ, ನಿಮ್ಮ ಬಾಯಾಗ ಟವೆಲ್ ಅದ. ಹಂಗಾರ ಒದರಿದವ್ರು ಯಾರು?" ಎಂದರು ಸಾಹೇಬರು.

ಅವನು ಟವೆಲ್ಲು ತೆಗೆದ. "ನಾನ ರೀ ಸಾಹೇಬ್ರ" ಎಂದು ಅತ್ತೇಬಿಟ್ಟ. ಒಂದು ಕೆಲಸ ತಿಂದ ದನಿ ಈಗ ಇನ್ನೊಂದನ್ನೂ ತಿಂದಿತು. ಕೆಳಗಿಳಿದು ತನ್ನ ಕುತ್ತಿಗೆಯನ್ನು ತಾನೇ ಹಿಸುಕಬೇಕು ಅನ್ನಿಸಿತು ಅವನಿಗೆ.

ಆಗ ಮೈಕಿನಿಂದ ಭೀಮವ್ವನ ದನಿ ಬಂತು. "ರೊಟ್ಟಿ ಆರಾಕತ್ತಾವ, ಲಗೂನ ಬರ್ರೀ!"

ಕರಡಿ ಮತ್ತೆ ಬಂತು. ಅದರ ಹಿಂದೆ ಬೆನ್ನ ಮೇಲೆ ಮರಿ ಹೊತ್ತ ಇನ್ನೊಂದು, ಆಮೇಲೆ ಐದು ಹಂದಿ. ಯಾವುದಕ್ಕೂ ಅವಸರವಿರಲಿಲ್ಲ. ಮದುವೆಗೆ ಬಂದ ಬೀಗರಂತೆ ಸಾಲಾಗಿ ಹೊಲಕ್ಕಿಳಿದು ಶೇಂಗಾ ಕೆದರುತ್ತ ಕೂತವು.

ಹಣಮಂತ್ರಾಯ ಬಾಯಿ ತೆರೆದು ನೋಡಿದ. ಮೂವತ್ತು ವರ್ಷ ಭೀಮವ್ವ ಕರೆದೊಡನೆ ಅವನು ಅಟ್ಟ ಇಳಿದು ಉಣ್ಣಲು ಹೋಗುತ್ತಿದ್ದ. ಅದೇ ಹೊತ್ತಿಗೆ ಇವೂ ಉಣ್ಣಲು ಬರುತ್ತಿದ್ದವು. ಪ್ರತಿ ವರ್ಷ ನಾಲ್ಕು ಸಾಲು ಯಾಕೆ ಬರಿದಾಗುತ್ತಿದ್ದವೆಂದು ಈಗ ತಿಳಿಯಿತು. ನಾಚಿಕೆಯೂ ಆಯಿತು, ನಗೆಯೂ ಬಂತು.

ಬೆಳಿಗ್ಗೆ ಹೋಗಿ ಸಾವ್ಕಾರರಿಗೆ ಇದ್ದದ್ದು ಇದ್ದಂತೆ ಹೇಳಿದ. "ಮಶೀನು ತಪ್ಪು ಮಾಡಂಗಿಲ್ಲ, ಹೋಗಲಾ" ಎಂದು ಅವರು ನಕ್ಕರು. ಇತ್ತ ಮೇಡಂ ಹೇಳಿದ್ದ ಕೆಲಸ ಕಾಯಂ ಆಯಿತು.

ಮುಂದಿನ ಶನಿವಾರ ಮತ್ತೆ ಅದೇ ಬಂಡೆ, ಬಾಯಲ್ಲಿ ಅದೇ ಟವೆಲ್ಲು. ಕರಡಿ ಇಣುಕುವ ಹೊತ್ತಿಗೆ ಕೆಳಗೆ ಮನೆಯಂಗಳದಿಂದ ಭೀಮವ್ವನೇ ಕರೆದಳು. ಗಂಡ ಗುಡ್ಡದಲ್ಲಿದ್ದಾನೆಂದು ಗೊತ್ತಿದ್ದರೂ ಅವಳ ರೂಢಿ ಅವಳಿಗೆ. ಹಣಮಂತ್ರಾಯ ಅರ್ಧ ಎದ್ದ. ಮೇಡಂ ಅವನ ಅಂಗಿ ಹಿಡಿದು ಜಗ್ಗಿದರು.

"ಕೂಡ್ರಿ ಕಾಕಾ, ಕರಡಿ ಹೊಂಟದ."

ಕರಡಿ ಊಟಕ್ಕೆ ಹೋಯಿತು. ಬಿಸಿ ರೊಟ್ಟಿಯ ಆಸೆ ನುಂಗಿಕೊಂಡು, ಮೂವತ್ತು ವರ್ಷಗಳಲ್ಲಿ ಮೊದಲ ಸಲ ಹಣಮಂತ್ರಾಯ ಭೀಮವ್ವನ ಬಾಯಿಂದಲೇ ಬಂದ ಕರೆ ಕೇಳಿಯೂ ಏಳದೆ ಕೂತ.