ಹಲಗೆಯ ಬಾಲದ ತೂತು

ಪುಸ್ತಕದ ವಯಸ್ಸು ಹೇಳಲು ನನಗೆ ಬರುತ್ತದೆ. ಮೂವತ್ತು ವರ್ಷ ಕಾಲೇಜ್ ಲೈಬ್ರರಿಯಲ್ಲಿ ಕೂತು ಮಾಡಿದ್ದು ಅದನ್ನೇ. ಟೈಟಲ್ ಪೇಜ್ ಹರಿದುಹೋದ ಪುಸ್ತಕ ಮೇಜಿಗೆ ಬಂದರೆ ಕಾಗದ ಮೂಸಿ, ಹೊಲಿಗೆ ನೋಡಿ, ಮಾರ್ಜಿನ್ನಿನಲ್ಲಿ ಯಾರು ಯಾವ ಶಾಯಿಯಲ್ಲಿ ಎಂತ ಗೀಚಿದ್ದಾರೆ ಎಂದು ಓದಿ ಅದರ ಕಾಲ ಹೇಳುತ್ತಿದ್ದೆ. ತಪ್ಪಿದ್ದು ಕಡಿಮೆ. ಹಾಗಾಗಿ ಈ ವಯಸ್ಸಿನಲ್ಲಿ ಒಂದು ಸರ್ಫ್‌ಬೋರ್ಡಿನ ಕಾಲ ಹೇಳಬೇಕಾಗಿ ಬಂದಾಗ ನನಗೆ ಅಳುಕೇನೂ ಇರಲಿಲ್ಲ. ಅಳುಕಿದ್ದು ಬೇರೆ ಒಂದು ವಿಷಯಕ್ಕೆ. ಅದು ಆಮೇಲೆ.

ಬೋರ್ಡ್ ಇದ್ದದ್ದು ಕಾಟಿಪಳ್ಳದ ಅಣ್ಣನ ಮನೆಯ ಜಗಲಿಯಲ್ಲಿ, ಎರಡು ಕೆಂಪುಕಲ್ಲಿನ ಮೇಲೆ, ಬೆಂಚಿನ ವೇಷದಲ್ಲಿ. ಉದ್ದ ಒಂಬತ್ತೂವರೆ ಅಡಿ, ಬಣ್ಣ ಕಪ್ಪು. ಅದರ ಮೇಲೆ ಕೂತು ನಾವು ಮೀನಿನ ಸಿಪ್ಪೆ ತೆಗೆದಿದ್ದೇವೆ, ಹಪ್ಪಳ ಒಣಗಿಸಿದ್ದೇವೆ, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರನ್ನೂ ಕೂರಿಸಿದ್ದೇವೆ. ಆ ಸಂಬಂಧ ಕೂಡಿಬರಲಿಲ್ಲ. ಅದಕ್ಕೆ ಬೆಂಚಿನ ತಪ್ಪೇನಿಲ್ಲ.

ಬೆಂಚು ಆಗುವ ಮೊದಲು ಅದು ಒಬ್ಬ ಪರಂಗಿ ಇಂಜಿನಿಯರನದ್ದು. ಆಗ ನಮ್ಮ ಮನೆ ಕಡಲ ಬದಿಯಲ್ಲಿತ್ತು. ಅರವತ್ತರ ದಶಕ, ಬಂದರು ಕಟ್ಟುವ ಕೆಲಸ ಶುರುವಾಗಿತ್ತು. ಅವನು ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿದ್ದು ಅಮ್ಮನ ಹತ್ತಿರ ಬಂಗುಡೆ ಮೀನು ಕೊಳ್ಳುತ್ತಿದ್ದ, ಸಂಜೆ ಈ ಹಲಗೆ ಹಿಡಿದು ಕಡಲಿಗೆ ಹೋಗುತ್ತಿದ್ದ. ಊರಿಗೆ ಹೊರಟಾಗ ಅದನ್ನು ಹದಿನಾರು ವರ್ಷದ ಅಣ್ಣನ ಕೈಗೆ ಕೊಟ್ಟು ಹೋದ. ಬಂದರಿಗೆ ಜಾಗ ಬೇಕಾಗಿ ನಮ್ಮನ್ನೆಲ್ಲ ಕಾಟಿಪಳ್ಳಕ್ಕೆ ಎಬ್ಬಿಸಿದಾಗ ಹಂಡೆ, ಒನಕೆ, ದೇವರ ಪಟದ ಜೊತೆ ಹಲಗೆಯೂ ಲಾರಿ ಹತ್ತಿತು.

ಅಣ್ಣನಿಗೆ ಜೀವಮಾನವಿಡೀ ಇದ್ದದ್ದು ಒಂದೇ ಕಥೆ. ಆ ಹಲಗೆಯ ಮೇಲೆ ತಾನು ಕಡಲಲ್ಲಿ ಎದ್ದು ನಿಂತಿದ್ದೆ, ತೆರೆ ಒಡೆಯುವ ಜಾಗದಿಂದ ದಡದವರೆಗೂ ನಿಂತೇ ಬಂದೆ ಎಂದು. ಮದುವೆ ಮನೆಯಲ್ಲಿ ಹೇಳಿದ, ಬೊಂಬಾಯಿಯ ಕ್ಯಾಂಟೀನಿನಲ್ಲಿ ಹೇಳಿದ, ಗಲ್ಫಿನಲ್ಲಿ ಕೆಲಸ ಮಾಡುವಾಗ ಮಲಯಾಳಿಗಳಿಗೂ ಹೇಳಿದನಂತೆ. ಯಾರೂ ನಂಬಲಿಲ್ಲ. ತುಳುವಿನಲ್ಲಿ ಸುಳ್ಳಿಗೆ ಲೊಟ್ಟೆ ಅನ್ನುತ್ತೇವೆ. ನೆಂಟರಲ್ಲಿ ಅವನ ಹೆಸರೇ ಲೊಟ್ಟೆ ಎಂದಾಯಿತು. ಲೊಟ್ಟೆ ಮಾವ, ಲೊಟ್ಟೆ ಅಜ್ಜ. ಅವನೂ ನಗುತ್ತಿದ್ದ. ನಗುವಾಗ ನನ್ನ ಕಡೆ ಮಾತ್ರ ನೋಡುತ್ತಿರಲಿಲ್ಲ.

ಈ ವರ್ಷ ಅಣ್ಣನ ಮೊಮ್ಮಗಳು ಬೀಚಿನ ಸರ್ಫ್ ಕ್ಲಬ್ಬಿಗೆ ಸೇರಿದಳು. ನಮ್ಮ ಮನೆಯ ಹುಡುಗಿ ಬೆಳಿಗ್ಗೆ ಎದ್ದು ಬೇಕೆಂದೇ ಕಡಲಿಗೆ ಬೀಳಲು ಹೋಗುವುದು, ಅದಕ್ಕೆ ಫೀಸ್ ಬೇರೆ. ಅಲ್ಲಿ ಸ್ಪರ್ಧೆಯ ದಿನ ಹಳೆಯ ಬೋರ್ಡುಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಒಂದು ಕಾರ್ಡ್ ಬರೆದು ಡಿಸ್‌ಪ್ಲೇ ಮಾಡುತ್ತಾರಂತೆ. ಹುಡುಗಿ ಅಜ್ಜನ ಬೆಂಚಿನ ಬಾಲದ ತುದಿಯನ್ನು ಸೀಮೆಎಣ್ಣೆ ಹಾಕಿ ಉಜ್ಜಿ, ಫೋಟೋ ತೆಗೆದು, ಕ್ಲಬ್ಬಿನ ಬೋರ್ಡುಗಳನ್ನು ರಿಪೇರಿ ಮಾಡುವವನಿಗೆ ಕಳಿಸಿದಳು. ಅವನ ಉತ್ತರ ಹತ್ತು ನಿಮಿಷದಲ್ಲಿ ಬಂತು. ಎಂಬತ್ತರ ದಶಕದ್ದು, ಅದಕ್ಕಿಂತ ಹಿಂದೆ ಹೋಗಲು ಸಾಧ್ಯವೇ ಇಲ್ಲ.

ಎಂಬತ್ತರಲ್ಲಿ ಅಣ್ಣ ಮೂರು ಮಕ್ಕಳ ತಂದೆ, ಗಲ್ಫಿನಲ್ಲಿದ್ದ. ಅಂದರೆ ಪರಂಗಿಯ ಹಲಗೆಯೂ ಲೊಟ್ಟೆ, ತೆರೆಯೂ ಲೊಟ್ಟೆ.

ಅಣ್ಣ ಆ ದಿನದಿಂದ ಕಥೆ ಹೇಳುವುದು ನಿಲ್ಲಿಸಿಬಿಟ್ಟ ಎಂದು ಹುಡುಗಿ ಫೋನ್ ಮಾಡಿದಳು. ಬೆಂಚಿನ ಮೇಲೆ ಕೂರುವುದನ್ನೂ ಬಿಟ್ಟು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಳ್ಳುತ್ತಾನಂತೆ. ನಾನು ದೇರೆಬೈಲಿನ ನನ್ನ ಫ್ಲಾಟಿನಲ್ಲಿ ಚಾ ಕುಡಿಯುತ್ತಿದ್ದೆ. ಕಪ್ ಕೆಳಗಿಟ್ಟೆ. ಹುಡುಗಿಗೆ ಹೇಳಿದೆ: ಟೆಂಪೋ ಗೊತ್ತು ಮಾಡು, ಬೆಂಚನ್ನೂ ಅಜ್ಜನನ್ನೂ ಹತ್ತಿಸು, ರಿಪೇರಿಯವನ ಹತ್ತಿರ ನಾನೇ ಮಾತಾಡ್ತೇನೆ.

ಅವನ ವರ್ಕ್‌ಶಾಪ್ ಬೈಕಂಪಾಡಿಯಲ್ಲಿ. ದೋಣಿಗಳಿಗೆ ಫೈಬರ್ ಹೊದೆಸುವುದು ಕಸುಬು. ಸರ್ಫ್‌ಬೋರ್ಡ್ ರಿಪೇರಿ ಹುಚ್ಚು. ನಲವತ್ತರ ಪ್ರಾಯ, ಮೈಯೆಲ್ಲ ಬಿಳಿ ಧೂಳು, ನಮ್ಮ ಹಾಗೆಯೇ ಕಡಲಿನ ಮನೆತನದವ. ಅವನು ಬೋರ್ಡನ್ನು ಎರಡು ಸ್ಟ್ಯಾಂಡುಗಳ ಮೇಲೆ ಮಲಗಿಸಿ, ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದ, ವೈದ್ಯರು ಬೆನ್ನು ತಟ್ಟುವ ಹಾಗೆ. ಮರ್ಯಾದಸ್ಥ. ಆದರೆ ಅವನ ಮನಸ್ಸಿನಲ್ಲಿ ಮೊದಲೇ ತೀರ್ಮಾನವಾಗಿತ್ತು. ಅಣ್ಣ ಬಾಗಿಲ ಬದಿಯಲ್ಲಿ ಕುರ್ಚಿ ಹಾಕಿಕೊಂಡು ರಸ್ತೆಯ ಲಾರಿಗಳನ್ನು ನೋಡುತ್ತಾ ಕೂತ.

ಮೊದಲು ಕಪ್ಪು ಬಣ್ಣದ ಪ್ರಶ್ನೆ. ಅದಕ್ಕೆ ಯಾವ ಪೇಂಟು ಎಂದು ಅವನು ಕೇಳಿದ. ಪೇಂಟಲ್ಲ ಎಂದೆ. ನಮ್ಮ ಅಪ್ಪ ವರ್ಷಕ್ಕೊಮ್ಮೆ ದೋಣಿಗೆ ಮೀನೆಣ್ಣೆ ಮತ್ತು ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವಾಗ ಹಲಗೆಗೂ ಬಳಿಯುತ್ತಿದ್ದರು. ಒಳಗೆ ಫೋಮ್, ಹೊರಗೆ ಫೈಬರ್ ಗ್ಲಾಸ್ ಇದ್ದ ವಸ್ತುವಿಗೆ ಆ ಎಣ್ಣೆ ಎಂತ ಮಾಡೀತು? ಆದರೆ ಅಪ್ಪನ ಲೆಕ್ಕದಲ್ಲಿ ಕಡಲಿಗೆ ಇಳಿಯುವುದೆಲ್ಲ ಮರ, ಮರಕ್ಕೆಲ್ಲ ಎಣ್ಣೆ. ಅವನು ನಕ್ಕ; ಅವನ ಅಜ್ಜ ಐಸ್ ಬಾಕ್ಸಿಗೂ ಬಳಿಯುತ್ತಿದ್ದರಂತೆ.

ಹುಡುಗಿಯೂ ಅವನೂ ಸೇರಿ ಒಂದು ಗಂಟೆ ಉಜ್ಜಿದರು. ಕಪ್ಪಿನ ಅಡಿಯಿಂದ ಜೇನಿನ ಬಣ್ಣಕ್ಕೆ ತಿರುಗಿದ ಗ್ಲಾಸ್ ಎದ್ದಿತು, ನಡುಮಧ್ಯ ತಲೆಯಿಂದ ಬಾಲದವರೆಗೆ ಒಂದು ಮರದ ಪಟ್ಟಿ. ಪಟ್ಟಿಯ ಮೇಲೆ ಗ್ಲಾಸಿನೊಳಗೆ ಪೆನ್ಸಿಲಿನಲ್ಲಿ ಬರೆದ ಅಳತೆ. ಯಾರೋ ಕಡಲಾಚೆಯವ ಬರೆದ ಒಂಬತ್ತು, ಆರು. ಹೆಸರಿಲ್ಲ, ವರ್ಷವಿಲ್ಲ. ಹಳೆಯ ಪುಸ್ತಕದಲ್ಲಿ ಬೈಂಡರನ ಪೆನ್ಸಿಲ್ ಗುರುತು ಸಿಕ್ಕಿದಾಗ ಆಗುವ ಖುಷಿ ನನಗಾಯಿತು. ಅಡಿಯಲ್ಲಿ ಬಾಲದ ಹತ್ತಿರ, ಬೋರ್ಡಿಗೇ ಅಂಟಿಸಿ ಮಾಡಿದ್ದ, ಮೀನಿನ ರೆಕ್ಕೆಯಂಥ ಒಂದೇ ದೊಡ್ಡ ಫಿನ್ನಿನ ಬುಡ. ಫಿನ್ ಇರಲಿಲ್ಲ, ಗರಗಸದಲ್ಲಿ ಕೊಯ್ದಾಗಿತ್ತು. ಕಲ್ಲಿನ ಮೇಲೆ ಸಮ ಕೂರಲಿ ಎಂದು ಅಪ್ಪ ಕೊಯ್ದದ್ದು ಎಂದು ನಾವು ತಿಳಿದಿದ್ದೆವು.

ಇಷ್ಟು ಉದ್ದ, ಇಷ್ಟು ಭಾರ, ಒಂದೇ ಫಿನ್, ಎಲ್ಲ ಹಳೆಯ ಲಕ್ಷಣವೇ ಎಂದು ಅವನೂ ಒಪ್ಪಿದ. ಹಾಗಾದರೆ ಎಂಬತ್ತು ಯಾಕೆ ಎಂದು ಕೇಳಿದ್ದಕ್ಕೆ ಬಾಲದ ಮೇಲಿನ ದುಂಡಗಿನ ಗುಳಿಯನ್ನು ತೋರಿಸಿದ. ಈಗಿನವರು ಬೋರ್ಡಿನಿಂದ ಕಾಲಿಗೆ ಒಂದು ಬಳ್ಳಿ ಕಟ್ಟುತ್ತಾರೆ, ಬಿದ್ದರೂ ಬೋರ್ಡ್ ಕೈತಪ್ಪದ ಹಾಗೆ. ಅದಕ್ಕೆ ಲೀಶ್ ಎನ್ನುತ್ತಾರೆ. ಅರವತ್ತರ ದಶಕದಲ್ಲಿ ಲೀಶ್ ಎಂಬುದೇ ಇರಲಿಲ್ಲ, ಬೋರ್ಡಿನಲ್ಲಿ ಅದಕ್ಕೆ ಜಾಗ ಬರಲು ಇನ್ನೂ ಸಮಯ ಹಿಡಿಯಿತು. ಈ ಗುಳಿ ಅದರದ್ದು, ಕೊಳೆ ಕಟ್ಟಿ ಮುಚ್ಚಿಹೋಗಿದೆ ಅಷ್ಟೆ. ಹಳೆಯ ಮಾದರಿಯಲ್ಲಿ ಆಮೇಲೆ ಮಾಡಿದ ಬೋರ್ಡ್ ಇರಬೇಕು ಎಂದ.

ಲಾಜಿಕ್ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಬಾಗಿಲ ಬದಿಯಿಂದ ಅಣ್ಣನ ಸ್ವರ ಬಂತು, ರಸ್ತೆ ನೋಡಿಕೊಂಡೇ.

“ಆ ತೂತು ಕೊರೆದದ್ದು ನಾನು.”

ರಿಪೇರಿಯವ ಹುಡುಗಿಯ ಮುಖ ನೋಡಿ ಸಣ್ಣಗೆ ನಕ್ಕ. ಅಜ್ಜನ ಹೆಸರು ಅವನಿಗೂ ತಲುಪಿತ್ತು ಎಂದಾಯಿತು.

ನನ್ನ ಬ್ಯಾಗಿನಲ್ಲಿ ಕ್ರೋಶೆ ಕಡ್ಡಿ ಯಾವಾಗಲೂ ಇರುತ್ತದೆ. ಕಾನ್ವೆಂಟಿನ ಹೊಲಿಗೆ ಸಿಸ್ಟರ್ ಬಿಟ್ಟುಹೋದ ಚಟ. ಕನ್ನಡಕ ಏರಿಸಿ ಗುಳಿಯನ್ನು ಕೆದಕಿದೆ. ಕೊಳೆ ಹೀಗಿರುವುದಿಲ್ಲ, ಇದು ಗಟ್ಟಿ, ಗಾಜಿನ ಹಾಗೆ ಹೊಳಪು. ಇನ್ನೂ ಕೆದಕಿದಾಗ ಎಳೆ ಎಳೆಯಾಗಿ ಹತ್ತಿ ಬಂತು. ಎಣ್ಣೆಯಲ್ಲಿ ಕಾಯಿಸಿದ ರಾಳದಲ್ಲಿ ಅದ್ದಿದ ಹತ್ತಿ. ಅಂಗೈಯಲ್ಲಿಟ್ಟು ಅವನಿಗೆ ತೋರಿಸಿದೆ. ಅವನು ಮೂಸಿ ನೋಡಿದ. ದೋಣಿಯ ಹಲಗೆಗಳ ಸಂದಿಗೆ ನೀರು ಬಾರದ ಹಾಗೆ ತುಂಬುವ ಮದ್ದು ಅದು. ಕಡಲಾಚೆಯ ಯಾವ ಕಾರ್ಖಾನೆಯೂ ಅದನ್ನು ತುಂಬುವುದಿಲ್ಲ. ನಮ್ಮವರಿಗೆ ಮಾತ್ರ ಗೊತ್ತು.

ಮತ್ತೆ ಗುಳಿಯ ಅಂಚು. ಅಚ್ಚಿನಲ್ಲಿ ಮಾಡಿದ್ದಾದರೆ ನಯವಾಗಿರಬೇಕು. ಇದು ಬಡಗಿಯ ಕೈ ಬೈರಿಗೆಯಲ್ಲಿ ಓರೆಯಾಗಿ ಕೊರೆದ ತೂತು. ಗ್ಲಾಸ್ ಸುತ್ತ ಚೂರು ಎದ್ದಿತ್ತು. ಇನ್ನೊಂದು ವಿಷಯ. ಹುಡುಗಿ ಉಜ್ಜದೆ ಬಿಟ್ಟ ಕಡೆ ಅಪ್ಪನ ಎಣ್ಣೆಯ ಪದರಗಳು ಆ ಮದ್ದಿನ ಮೇಲೆಯೇ ಹಾದುಹೋಗಿದ್ದವು, ಅಡಿಯಲ್ಲಲ್ಲ. ಅಂದರೆ ತೂತು ಕೊರೆದು ಮುಚ್ಚಿ ಆದ ಮೇಲೆ ಮೊದಲ ಎಣ್ಣೆ ಬಿದ್ದದ್ದು. ಅಪ್ಪ ಎಣ್ಣೆ ಬಳಿದದ್ದು ದೋಣಿ ಇರುವವರೆಗೆ. ಕಾಟಿಪಳ್ಳಕ್ಕೆ ಬಂದ ವರ್ಷ ದೋಣಿ ಮಾರಿದರು. ಮತ್ತೆ ಎಣ್ಣೆಯ ಡಬ್ಬಿ ಮನೆಯಲ್ಲೇ ಇರಲಿಲ್ಲ. ಹಾಗಾಗಿ ತೂತು ನಾವು ಕಡಲ ಬದಿ ಬಿಡುವ ಮೊದಲಿನದ್ದು. ಅದು ಲೀಶಿನ ಜಾಗ ಅಲ್ಲವೆಂದ ಮೇಲೆ ಎಂಬತ್ತಕ್ಕೆ ಆಧಾರವೂ ಇಲ್ಲ. ಬೋರ್ಡ್ ಅರವತ್ತರ ದಶಕದ್ದು. ಕ್ಲಾಸಿನಲ್ಲಿ ಓದಿ ಹೇಳುವವಳ ಹಾಗೆ ಒಂದೊಂದೇ ಹೇಳಿದೆ. ಖುಷಿಯಿಂದಲೇ ಹೇಳಿದೆ, ಸುಳ್ಳು ಯಾಕೆ.

ರಿಪೇರಿಯವ ಸೋಲು ಒಪ್ಪುವುದರಲ್ಲಿ ಜಿಪುಣನಲ್ಲ. ಬೋರ್ಡ್ ಅರವತ್ತರದ್ದೇ, ಹಾಗೆಂದೇ ಕಾರ್ಡಿನಲ್ಲಿ ಬರೀತೇನೆ ಎಂದ. ಆಮೇಲೆ ಸ್ವರ ತಗ್ಗಿಸಿ ನನ್ನ ಹತ್ತಿರ ಹೇಳಿದ:

“ಆದರೆ ಟೀಚರ್, ಅಜ್ಜ ಇದರ ಮೇಲೆ ನಿಂತದ್ದಕ್ಕೆ ಪ್ರೂಫ್ ಎಂತ ಉಂಟು? ತೂತು ಕೊರೆದವರೆಲ್ಲ ತೆರೆಯಲ್ಲಿ ನಿಲ್ಲುವುದಿಲ್ಲ ಅಲ್ವಾ?”

ನಾನು ಟೀಚರ್ ಅಲ್ಲ. ತಿದ್ದಲಿಲ್ಲ. ಅಳುಕು ಎಂದೆನಲ್ಲ, ಅದು ಇಲ್ಲಿಗೆ ಬಂದು ನಿಂತಿತ್ತು.

ಪ್ರೂಫ್ ನಾನೇ. ನಾನು ನೋಡಿದ್ದೆ.

ನಮ್ಮಲ್ಲಿ ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ. ನೂಲ ಹುಣ್ಣಿಮೆಯ ದಿನ ಊರಿನವರೆಲ್ಲ ಸೇರಿ ಸಮುದ್ರಕ್ಕೆ ಹಾಲು ಎರೆದು, ತೆಂಗಿನಕಾಯಿ ಒಪ್ಪಿಸಿ, ಅಪ್ಪಣೆ ಕೇಳಿದ ಮೇಲೆಯೇ ದೋಣಿ. ಆ ವರ್ಷ ಆ ಪೂಜೆಗೆ ಮುಂದೆ ನಿಲ್ಲಬೇಕಾದ ಗುರಿಕಾರ ನಮ್ಮ ಅಪ್ಪ. ಅಣ್ಣನಿಗೆ ಹುಣ್ಣಿಮೆವರೆಗೆ ಕಾಯಲು ಆಗಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಹಲಗೆಯ ಬಾಲಕ್ಕೆ ತೂತು ಕೊರೆದು, ದೋಣಿಗೆ ಕಟ್ಟುವ ಹಾಗೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿ ಸೊಂಟಕ್ಕೆ ಸುತ್ತಿಕೊಂಡು ಇಳಿದ. ನಾನು ಏಳನೇ ಕ್ಲಾಸ್. ಗಾಳಿಮರದ ಹಿಂದೆ ಕಾವಲು ನಿಂತಿದ್ದೆ. ಸುಮಾರು ಸಲ ಬಿದ್ದ. ಒಂದು ಸಲ ಎದ್ದ.

ದೂರದಿಂದ ಯಾರೋ ನೋಡಿ ದೂರು ತಂದರು. ಭಜನಾ ಮಂದಿರದ ಮೆಟ್ಟಿಲ ಹತ್ತಿರ ಹಿರಿಯರೆಲ್ಲ ಕೂತಿದ್ದಾಗ ಅಪ್ಪ ಅಣ್ಣನನ್ನು ಕೇಳಲಿಲ್ಲ. ನನ್ನನ್ನು ಕರೆದರು. ಕಾನ್ವೆಂಟಿನಲ್ಲಿ ಓದುವ ಹುಡುಗಿ ಸುಳ್ಳು ಹೇಳುವುದಿಲ್ಲ ಎಂದು ಊರಿಗೇ ನಂಬಿಕೆ. ಅಣ್ಣ ಇಡೀ ದಿನ ಮನೆಯಲ್ಲೇ ಇದ್ದ ಎಂದೆ. ಅಲ್ಲಿಗೆ ಮುಗಿಯಿತು. ಆದರೆ ಆ ಸೀಸನ್ನಿನಲ್ಲಿ ಬೂತಾಯಿ ಮೀನು ಬರಲೇ ಇಲ್ಲ. ಮತ್ತೆ ಬಾಯಿ ಬಿಡುವುದು ಹೇಗೆ, ತಪ್ಪೆಲ್ಲ ಅಣ್ಣನ ತಲೆಗೆ ಬರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಬಿಡಬಹುದಿತ್ತು. ಅಷ್ಟರಲ್ಲಿ ಅದು ನಗೆಚಾಟಿಕೆ ಆಗಿಹೋಗಿತ್ತು, ಮತ್ತು ಅಣ್ಣ ಕಥೆ ತೆಗೆದಾಗಲೆಲ್ಲ ನೆಂಟರು ಹೇಳುತ್ತಿದ್ದದ್ದು ಒಂದೇ: ನಿನ್ನ ತಂಗಿಯೇ ಇಲ್ಲ ಎಂದಿದ್ದಾಳಲ್ಲ ಮಾರಾಯ.

ಇಷ್ಟನ್ನೂ ಆ ವರ್ಕ್‌ಶಾಪಿನಲ್ಲಿ ನಿಂತು ಹೇಳಿದೆ. ಕೊನೆಗೆ ಅಣ್ಣನ ಕಡೆ ತಿರುಗಿ, “ನೀನು ನಿಂತದ್ದು ನಾನು ನೋಡಿದ್ದೇನೆ. ನಾನು ಹೇಳಿದ್ದು ಸುಳ್ಳು,” ಎಂದೆ.

ಅಣ್ಣ ಎದ್ದು ಬಂದ. ಅವನು ಸಿಟ್ಟು ಮಾಡುತ್ತಾನೆ ಎಂದುಕೊಂಡಿದ್ದೆ.

“ನಾನು ಎಷ್ಟು ಹೊತ್ತು ನಿಂತೆ?” ಎಂದ.

ನಿಜ ಹೇಳುವುದೆಂದರೆ ಎಲ್ಲವನ್ನೂ ಹೇಳಬೇಕು. ದಡದವರೆಗೂ ಬರಲಿಲ್ಲ ಎಂದೆ. ಒಂದೂವರೆ ಹೇಲ್ ಮೇರಿ. ಅಡುಗೆ ಕ್ಲಾಸಿನಲ್ಲಿ ಸಿಸ್ಟರ್ ಮೊಟ್ಟೆ ಬೇಯಿಸಲು ನಮಗೆ ಗಡಿಯಾರ ಕೊಡುತ್ತಿರಲಿಲ್ಲ, ಮೇರಿಯಮ್ಮನ ಆ ಪ್ರಾರ್ಥನೆ, ಹೇಲ್ ಮೇರಿ, ಹೇಳುತ್ತಾ ಎಣಿಸಲು ಹೇಳುತ್ತಿದ್ದರು. ಹಿಂದೂ ಹುಡುಗಿಯರೂ ಹಾಗೆಯೇ ಮೊಟ್ಟೆ ಬೇಯಿಸಿದ್ದು. ಅಣ್ಣ ಎದ್ದು ನಿಂತ ಕೂಡಲೇ ಹೆದರಿ ನನ್ನ ಬಾಯಿಗೆ ಬಂದದ್ದು ಅದೇ. ಎರಡನೆಯದರ ಅರ್ಧದಲ್ಲಿ ಅವನು ಬಿದ್ದ.

“ಅಷ್ಟೇಯಾ ಕಾನ್ವೆಂಟು?” ಎಂದ ಅಣ್ಣ. ನನ್ನನ್ನು ಕಾಡಿಸುವಾಗ ಅವನು ಕರೆಯುತ್ತಿದ್ದ ಹೆಸರು. ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಈಗ ಹೇಳಿ ನೋಡುವಾ ಎಂದು ಹುಡುಗಿ ಮೊಬೈಲಿನಲ್ಲಿ ಸ್ಟಾಪ್‌ವಾಚ್ ತೆಗೆದಳು. ಬೋರ್ಡಿನ ಮುಂದೆ ಕೈಕಟ್ಟಿ ನಿಂತು, ಏಳನೇ ಕ್ಲಾಸಿನ ಹೆದರಿದ ಹುಡುಗಿಯ ವೇಗದಲ್ಲಿ, ಒಂದೂವರೆ ಹೇಲ್ ಮೇರಿ ಹೇಳಿದೆ. ಹದಿನೇಳು ಸೆಕೆಂಡ್. ರಿಪೇರಿಯವನ ಮುಖ ಬದಲಾಯಿತು. ಪ್ರಾಕ್ಟೀಸ್ ಇಲ್ಲದೆ, ಮಳೆಗಾಲದ ಕಡಲಲ್ಲಿ, ಈ ಮರದ ಕೊರಡಿನಂಥದ್ದರ ಮೇಲೆ ಹದಿನೇಳು ಸೆಕೆಂಡ್ ಎಂದರೆ ಆಟ ಅಲ್ಲ ಎಂದ. ಸ್ಪರ್ಧೆಗೆ ಬರುವವರಲ್ಲಿ ಎಷ್ಟೋ ಜನ ಏಳಕ್ಕೆ ಬೀಳುತ್ತಾರಂತೆ. ಹುಡುಗಿ ತಾನು ನಾಲ್ಕಕ್ಕೆ ಎಂದಳು.

ಅಣ್ಣ ನನ್ನ ಅಂಗೈಯಲ್ಲಿದ್ದ ಹತ್ತಿಯ ಚೂರನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ.

“ತೂತು ನಾನು ಕೊರೆದದ್ದು ಹೌದು,” ಎಂದ. “ಮುಚ್ಚಿದ್ದು ನಾನಲ್ಲ.”

ನಾನೂ ಅಲ್ಲ. ಮನೆಯಲ್ಲಿ ರಾಳ ಕಾಯಿಸಲು ಬರುತ್ತಿದ್ದದ್ದು ಒಬ್ಬರಿಗೇ, ಅಪ್ಪನಿಗೆ. ಪೂಜೆ ಮುಗಿದ ಮರುದಿನ ಬೆಳಿಗ್ಗೆ ನಾವು ಏಳುವಾಗ ಹಲಗೆಯ ಫಿನ್ ಕೊಯ್ದಾಗಿತ್ತು, ತೂತು ಎಲ್ಲಿತ್ತೆಂದು ಕಾಣದ ಹಾಗೆ ಮೈಯೆಲ್ಲ ಎಣ್ಣೆ ಬಿದ್ದಾಗಿತ್ತು, ಕಲ್ಲಿನ ಮೇಲೆ ಅದು ಬೆಂಚಾಗಿ ಕೂತಿತ್ತು. ಅದರ ಮೇಲೆ ಅಪ್ಪ ಕೂತು ಚಾ ಕುಡಿಯುತ್ತಿದ್ದರು. ಬನ್ನಿ, ಕೂತುಕೊಳ್ಳಿ ಎಂದಿದ್ದರು. ನಾವಿಬ್ಬರೂ ಅವರ ಒಂದೊಂದು ಬದಿಯಲ್ಲಿ ಕೂತಿದ್ದೆವು.

ಕಾರ್ಡನ್ನು ನಾನೇ ಬರೆದೆ, ಲೈಬ್ರರಿಯ ಅಕ್ಷರದಲ್ಲಿ. ಅರವತ್ತರ ದಶಕದ ಬೋರ್ಡ್, ಫಿನ್ ಇಲ್ಲ, ಹದಿನೇಳು ಸೆಕೆಂಡ್, ಒಬ್ಬಳು ನೋಡಿದ್ದಾಳೆ. ಅಣ್ಣ ಓದಿ ನೋಡಿ, ಪೆನ್ ಕೇಳಿ ತೆಗೆದುಕೊಂಡ. ಒಬ್ಬಳು ನೋಡಿದ್ದಾಳೆ ಎಂಬುದನ್ನು ಹೊಡೆದು, ಮೇಲೆ ಇಬ್ಬರು ನೋಡಿದ್ದಾರೆ ಎಂದು ಬರೆದ.