ಕನ್ನಡಿ ಮೇಸ್ತ್ರಿ

ಸ್ಟೀಲ್ ಸರಳಿನ ಕಾರ್ಖಾನೆಯ ಮೇಲ್ವಿಚಾರಕನಿಗೆ ಕೆಲಸಗಾರರು ಇಟ್ಟ ಹೆಸರು ಕನ್ನಡಿ ಮೇಸ್ತ್ರಿ. ಹೊಳಪು ಕೊಟ್ಟ ಪ್ರತಿ ಸರಳಿನಲ್ಲೂ ಅವನ ಮೀಸೆ ಅವನಿಗೆ ಕಾಣಬೇಕು. ಕಾಣದಿದ್ದರೆ ಶೆಡ್ಡಿನ ತಗಡು ಹಾರುವಂತೆ ಕಿರುಚುತ್ತಾನೆ. ಸರಳಿನ ಹತ್ತಿರ ಮಾತ್ರ ಬೆಣ್ಣೆಯಂಥ ಮಾತು: "ನಿಂಗೆ ತುಕ್ಕು ಹಿಡಿಯೋಕೆ ಬಿಡ್ತೀನಾ ಕಂದಾ?" ಬೆವರಿನ ಬೆರಳು ತಗುಲಿ ಅದಕ್ಕೆ ಕಲೆಯಾದೀತೆಂದು ಪ್ಯಾಕಿಂಗಿನವರಿಗೆಲ್ಲ ಬಿಳಿ ಗ್ಲೌಸ್ ಕೊಟ್ಟಿದ್ದಾನೆ. ಸರಳಿಗೆ ಹತ್ತಿದ ಕುಲುಮೆಯ ಕಪ್ಪು ತೆಗೆಯುವ ಆಸಿಡ್ ತೊಟ್ಟಿಯ ಬಳಿ ದುಡಿಯುವ ಅಕ್ಕನೊಬ್ಬಳು ಮೊನ್ನೆ ಸುಟ್ಟು ಸುಲಿದ ಅಂಗೈಯನ್ನು ಅವನ ಮೂಗಿನ ಮುಂದೆ ಹಿಡಿದಳು. "ನಿನ್ ಮೀಸೆ ಇದ್ರಲ್ಲಿ ಕಾಣುತ್ತಾ ನೋಡಣ್ಣ! ನಂಗೂ ಒಂದ್ ಜೊತೆ ರಬ್ಬರ್ ಗ್ಲೌಸ್ ಕೊಡ್ಸು." ಅವನು ಸಮಾಧಾನ ಹೇಳಿದ: "ನೀ ಮುಟ್ಟಿದ್ಮೇಲೆ ಹೇಗೂ ತೊಳೀತಾರೆ, ಸರಳಿಗೇನೂ ಆಗಲ್ಲ ಬಿಡಮ್ಮ." ಅವಳ ಚಿಂತೆ ಸರಳಿನದೇ ಎಂದು ಅವನು ನಿಜವಾಗಿಯೂ ನಂಬಿದ್ದ. ಇದೇ ಸರಳಿನ ಹೊಳೆಯುವ ಕಂಬಿ ಹಿಡಿದು ಮೆಟ್ಟಿಲು ಹತ್ತುವ ಸ್ವಾಮೀ, ನಾಳೆ ಬೆಳಿಗ್ಗೆ ಬಂದು ಆ ಕಾರ್ಖಾನೆಯ ಗೇಟಿಗೆ ಅಡ್ಡ ನಿಲ್ಲಿ. ಅಕ್ಕನ ಕೈಗೆ ಗ್ಲೌಸ್ ಬರುವ ತನಕ ಒಂದು ಸರಳನ್ನೂ ಹೊರಗೆ ಬಿಡಬೇಡಿ.