ಎರಡು ಕಿಲೋ ಮರುವಾಯಿ, ಒಂದು ಮೂಗು

ಕಳೆದ ಜನವರಿಯ ಮೂರನೇ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ, ಕುವೈತಿನ ಸಾಲ್ಮಿಯಾದಲ್ಲಿ, ಪೋರ್ಚುಗೀಸ್ ಮಹಿಳೆಯೊಬ್ಬರ ಅಡುಗೆಮನೆಯಲ್ಲಿ ನಿಂತು ನಾನು ಎರಡು ಕಿಲೋ ಮರುವಾಯಿಯನ್ನು ಒಂದೊಂದಾಗಿ ಮೂಸತೊಡಗಿದೆ. ಒಂದು ಗಂಟೆಗೆ ನಿಲ್ಲಿಸಿದೆ. ಕೆಲಸ ಅರ್ಧವೂ ಆಗಿರಲಿಲ್ಲ.

ಕರಾವಳಿಯವರಿಗೆ ಮರುವಾಯಿ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ: ನದಿ ಸಮುದ್ರವನ್ನು ಸೇರುವ ಕಡೆ ಮರಳಿನೊಳಗೆ ಸಿಗುವ, ಎರಡು ಚಿಪ್ಪುಗಳ ನಡುವೆ ಹೆಬ್ಬೆರಳ ಉಗುರಿನಷ್ಟು ಮಾಂಸವಿರುವ ಜೀವಿ. ಇವತ್ತು ಬೆಳಿಗ್ಗೆ, ಈ ಚಳಿಗಾಲದಲ್ಲಿ ಮೊದಲ ಸಲ, ಜಾಕೆಟ್ ಹಾಕಿಕೊಂಡು ಜೇಬಿಗೆ ಕೈ ಇಳಿಸಿದಾಗ ಅದರ ಅರ್ಧ ಚಿಪ್ಪೊಂದು ಸಿಕ್ಕಿತು. ಯೋಚಿಸದೆ ಮೂಗಿಗೆ ಹಿಡಿದೆ. ಕಪಾಟಿನ ನುಸಿಗುಳಿಗೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಇನ್ನೊಮ್ಮೆ ಮೂಸಿದೆ.

ಮಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹನ್ನೊಂದು ವರ್ಷ ಕುಳಿತವನು ನಾನು. ಈಗ ಕುವೈತ್ ಸಿಟಿಯ ಕಂಪೆನಿಯೊಂದರಲ್ಲಿ ಇತರರು ಬರೆದ ವರದಿಗಳನ್ನು ತಿದ್ದುತ್ತೇನೆ. ಯಾರು, ಎಲ್ಲಿ, ಯಾವಾಗ ಎಂಬುದನ್ನು ಮೊದಲೇ ಹೇಳಿಬಿಡುವುದು ನನಗೆ ಅಂಟಿದ ರೋಗ. ಹೆಂಡತಿ ತಲೆನೋವು ಎಂದಾಗ ಎಷ್ಟು ಗಂಟೆಯಿಂದ ಎಂದು ಕೇಳಿ ಬೈಸಿಕೊಂಡಿದ್ದೇನೆ. ಆದ್ದರಿಂದ ಇದನ್ನೂ ಕ್ರಮವಾಗಿ ಹೇಳುತ್ತೇನೆ. ನೀವು ಸ್ವಲ್ಪ ಸಹಿಸಿಕೊಳ್ಳಬೇಕು.

ಫೆಲಿಕ್ಸ್ ನನ್ನ ಗೆಳೆಯ. ಮೂಲ್ಕಿಯವನು. ಫರ್ವಾನಿಯಾದ ಒಂದೇ ಕಟ್ಟಡದಲ್ಲಿ ನಾನು ಮೂರನೇ ಮಹಡಿ, ಅವನು ಐದನೆಯದು. ಇಲ್ಲಿನ ಹೋಟೆಲೊಂದರ ಇಂಡಿಯನ್ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಒಲೆಯ ಮುಂದೆ ನಿಂತವನು. ಆ ಜನವರಿಯ ಹಿಂದಿನ ವರ್ಷ ಅವನಿಗೆ ಒಂದು ವಾರ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಅವನ ವಾಸನೆಯ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ಅಡುಗೆಯವನಿಗೆ ಮೂಗಿಲ್ಲ ಎಂಬ ಸುದ್ದಿ ಊರಿನಲ್ಲಿದ್ದ ಅವನ ಹೆಂಡತಿಗೂ ನನಗೂ ಮಾತ್ರ ಗೊತ್ತಿತ್ತು. ಈರುಳ್ಳಿಯನ್ನು ಅವನು ಬಣ್ಣದಿಂದ ತಿಳಿಯುತ್ತಿದ್ದ, ಸಾಸಿವೆಯನ್ನು ಸದ್ದಿನಿಂದ. ಮಸಾಲೆಗೆ ಕೈಯ ಅಳತೆ ಇದ್ದೇ ಇತ್ತು. ಹತ್ತು ತಿಂಗಳು ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಹೋಟೆಲಿನವರು ಇಂಡಿಯನ್ ವಿಭಾಗ ಮುಚ್ಚಿ ಪೋರ್ಚುಗೀಸ್ ಮೀನಿನ ರೆಸ್ಟೋರೆಂಟ್ ತೆರೆಯುತ್ತೇವೆಂದರು. ಹಳಬರಲ್ಲಿ ಒಬ್ಬನಿಗೆ ಮಾತ್ರ ಜಾಗ. ಮ್ಯಾನೇಜರ್ ಫೆಲಿಕ್ಸನ ಮನೆತನದ ಹೆಸರು ನೋಡಿ, "ಹೆಸರಿನಲ್ಲೇ ಪೋರ್ಚುಗಲ್ ಇದೆಯಲ್ಲ, ನಿನಗೆ ಇದು ಮನೆಯ ಅಡುಗೆ" ಎಂದರಂತೆ. ಮನೆಯಲ್ಲಿ ಅವನು ತಿಂದದ್ದು ಬಂಗುಡೆ ಸಾರು. ತೆರೆಸಾ ಎಂಬ ಮಹಿಳೆ ಸಾಲ್ಮಿಯಾದ ತನ್ನ ಫ್ಲ್ಯಾಟಿನಲ್ಲಿ ಒಂದು ದಿನದ ತರಬೇತಿ ನಡೆಸುತ್ತಾರೆ. ಬೆಳಿಗ್ಗೆ ಎಲ್ಲರೂ ಸೇರಿ ಮಾರುಕಟ್ಟೆಯಲ್ಲಿ ಮೀನು ಕೊಳ್ಳುವುದು, ಮಧ್ಯಾಹ್ನ ಅಡುಗೆ. ಅವನು ಅಲ್ಲಿಗೆ ಹೋಗಿ ಕಲಿಯಬೇಕು; ಎರಡು ಗಂಟೆಗೆ ಹೋಟೆಲಿನ ದೊಡ್ಡ ಶೆಫ್ ಅಲ್ಲಿಗೇ ಬಂದು, ಅವನು ಮಾಡಿದ್ದನ್ನು ತಿಂದು ತೀರ್ಮಾನಿಸುತ್ತಾರೆ. ತೀರ್ಮಾನ ವಿರುದ್ಧವಾದರೆ ಖಲಾಸ್: ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ರದ್ದು; ವಾಪಸ್ ಟಿಕೆಟ್. ಅವನಿಗೆ ಆಗ ಐವತ್ತೊಂದು.

"ನೋಡು ಮಾರಾಯ," ಎಂದ ಫೆಲಿಕ್ಸ್, ನಮ್ಮ ಮನೆಯ ಸೋಫಾದ ತುದಿಯಲ್ಲಿ ಕುಳಿತು. "ನನಗೆ ಕಣ್ಣುಂಟು, ಕೈಯುಂಟು, ನಾಲಗೆ ಅರ್ಧ ಉಂಟು. ಮಾರ್ಕೆಟಿನಲ್ಲಿ ಆ ಹೆಂಗಸು ಮೀನು ಮೂಸಿ ಹೇಳು ಅಂದ್ರೆ ಎಂತ ಮಾಡುದು? ನೀನು ಒಂದು ದಿವಸ ಬಾ. ಹೆಸರು ಬರೆಸು. ನನ್ನ ಪಕ್ಕ ನಿಲ್ಲು."

"ನನ್ನ ಮೂಗಾ? ಫೆಲಿಕ್ಸ್, ನಾನು ಪುಳಿಚಾರು ಮನೆಯವ, ಮೀನು ಹೊಸಿಲು ದಾಟದ ಮನೆ. ಮೀನು ತಿನ್ಲಿಕ್ಕೆ ಕಲಿತದ್ದೇ ಪೇಪರ್ ಆಫೀಸಿನ ಹಿಂದಿನ ಹೋಟೆಲಿನಲ್ಲಿ. ನನಗೆ ಎಲ್ಲ ಮೀನೂ ಮೀನಿನ ಹಾಗೇ ಕಾಣ್ತದೆ."

"ಅಷ್ಟು ಸಾಕು. ಕೆಟ್ಟದ್ದು ಅಂತ ಅನ್ನಿಸಿದ್ರೆ ಕನ್ನಡಕ ತೆಗಿ."

ನಿರ್ಣಯ ಅಷ್ಟರಲ್ಲೇ ಆಯಿತು. ವಾರಪೂರ್ತಿ ನಾನು ಅಡುಗೆಮನೆಯಲ್ಲಿ ಹಾಲು, ಮೊಸರು, ಮುಚ್ಚಿಟ್ಟ ಸಾಂಬಾರು ಎಲ್ಲವನ್ನೂ ಮೂಸಿ ಅಭ್ಯಾಸ ಮಾಡಿದೆ. ಹೆಂಡತಿ ಎರಡು ದಿನ ಸುಮ್ಮನಿದ್ದು, ಮೂರನೇ ದಿನ, ನನ್ನ ಅಡುಗೆಯಲ್ಲಿ ಏನು ಕಂಡಿರಿ ಎಂದು ಕೇಳಿದಳು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕುವೈತ್ ಸಿಟಿಯ ಮೀನು ಮಾರುಕಟ್ಟೆಯ ಬಾಗಿಲಲ್ಲಿ ಸೇರಿದೆವು. ನಾವಿಬ್ಬರಲ್ಲದೆ ಇನ್ನೊಬ್ಬರಿದ್ದರು: ಸಾಲ್ಮಿಯಾದಲ್ಲೇ ಇರುವ, ಉಳ್ಳಾಲದ ರಶೀದಾ. ಗಂಡನಿಗೆ ವಾಚಿನ ಅಂಗಡಿ. ನಮ್ಮ ಮಾತು ಕಿವಿಗೆ ಬಿದ್ದ ಕೂಡಲೇ, "ಓ, ನೀವು ನಮ್ಮ ಕಡೆಯವರಾ! ನಾನು ಇಂಗ್ಲಿಷ್ ಮಾತಾಡ್ಲಿಕ್ಕೆ ಅಂತ ರಾತ್ರಿಯಿಡೀ ಪ್ರಾಕ್ಟೀಸ್ ಮಾಡಿದ್ದೆ" ಎಂದರು. ತೆರೆಸಾ ಅರುವತ್ತರ ಆಸುಪಾಸಿನವರು, ಗಿಡ್ಡ, ರಬ್ಬರ್ ಬೂಟು. ಇಪ್ಪತ್ತು ವರ್ಷ ಇಲ್ಲೇ ಇದ್ದು ಅವರ ಇಂಗ್ಲಿಷಿಗೆ ಅರಬ್ಬಿಯ ಚುರುಕು ಬಂದಿತ್ತು. ಎರಡು ಮಾತಿಗೊಮ್ಮೆ ಯಲ್ಲಾ, ಅಂದರೆ ನಡೀರಿ.

ಮೊದಲ ಕಟ್ಟೆಯಲ್ಲೇ ಅವರು ಒಂದು ಹಮ್ಮೂರ್ ಮೀನಿನ ಕಿವಿರೆತ್ತಿ ಫೆಲಿಕ್ಸನ ಮುಖದ ಮುಂದೆ ಹಿಡಿದರು.

"ಏನು ವಾಸನೆ ಬರುತ್ತಿದೆ, ಶೆಫ್?"

ಫೆಲಿಕ್ಸ್ ಬಗ್ಗಿದ. ನಾನೂ ಬಗ್ಗಿದೆ. ನಮ್ಮಿಬ್ಬರ ತಲೆಗಳು ಸಣ್ಣಗೆ ತಾಗಿದವು. ನನಗೆ ಬಂದದ್ದು ಮಂಜುಗಡ್ಡೆಯ ವಾಸನೆ, ಮೀನುಗಾರನ ಸಿಗರೇಟಿನ ವಾಸನೆ, ಅದರ ಹಿಂದೆ ಎಲ್ಲೋ ಹಸಿ ಸೌತೆಕಾಯಿ. ಸೌತೆಕಾಯಿ ಒಳ್ಳೆಯದೋ ಕೆಟ್ಟದ್ದೋ? ಬೆವರಿದೆ, ಮೂಗಿನ ಮೇಲೆ ಕನ್ನಡಕ ಜಾರಿತು. ಅದನ್ನು ಮೇಲೇರಿಸಲು ಕೈ ಎತ್ತಿದಾಗ ಫೆಲಿಕ್ಸನ ಕಣ್ಣು ದೊಡ್ಡದಾಯಿತು. ನಾನು ಕೈಯನ್ನು ಹಾಗೆಯೇ ಕಿವಿಗೆ ಒಯ್ದು ತುರಿಸಿಕೊಂಡೆ.

"ಒಳ್ಳೇ ಮೀನು ಮೇಡಂ," ಎಂದ ಅವನು. "ಕಣ್ಣು ನೋಡಿ, ಹೇಗೆ ಉಬ್ಬಿದೆ. ಬೆರಳು ಒತ್ತಿದ್ರೆ ಕುಳಿ ನಿಲ್ಲುದಿಲ್ಲ."

ತೆರೆಸಾ ತಲೆಯಾಡಿಸಿದರು. ಮಾರುಕಟ್ಟೆಯಲ್ಲಿ ಹೀಗೆ ನಾಲ್ಕು ಸಲ ಆಯಿತು. ನಾಲ್ಕು ಸಲವೂ ಅವನ ಕಣ್ಣು ಮತ್ತು ಬೆರಳು ನನ್ನ ಮೂಗಿಗಿಂತ ಮೊದಲೇ ಉತ್ತರ ಹುಡುಕಿಕೊಂಡವು. ಆ ಹಮ್ಮೂರನ್ನೂ ಸಿಗಡಿಯನ್ನೂ ಕೊಂಡೆವು. ಕೊನೆಗೆ ತೆರೆಸಾ ಮೊದಲೇ ಹೇಳಿ ತರಿಸಿದ್ದ, ವಿಮಾನದಲ್ಲಿ ಬಂದ ಒಂದು ಪೆಟ್ಟಿಗೆ ಬಂತು. ಒಳಗೆ ಒದ್ದೆ ಬಟ್ಟೆಯ ಕೆಳಗೆ ಮರುವಾಯಿ.

"ಅಲ್ಲಾ! ಮರುವಾಯಿ!" ಎಂದರು ರಶೀದಾ. "ಎರಡು ವರ್ಷ ಆಯ್ತು ತಿಂದು. ನಾನು ಡಬ್ಬಿ ತಂದಿದ್ದೇನೆ. ಇವರಿಗೂ ಮಕ್ಕಳಿಗೂ ತಕೊಂಡು ಹೋಗುದೇ."

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತೆಂದು ದಾಖಲಿಸಬೇಕು. ತೆರೆಸಾರ ಅಡುಗೆಮನೆಯಲ್ಲಂತೂ ಒಂದು ಗಂಟೆ ಕಾಲ ನಾನು ನನ್ನ ಕೆಲಸವನ್ನೇ ಮರೆತಿದ್ದೆ. ಅವರು ತಾಮ್ರದ ಒಂದು ಪಾತ್ರೆ ತೋರಿಸಿದರು. ಎರಡು ಬೋಗುಣಿಗಳನ್ನು ಮುಖಾಮುಖಿ ಕೂರಿಸಿ ಬಿಜಾಗರಿ ಹಾಕಿದಂತೆ. ಮರುವಾಯಿಯನ್ನು ಬೆಳ್ಳುಳ್ಳಿ, ಎಣ್ಣೆ, ಕೊತ್ತಂಬರಿ ಸೊಪ್ಪಿನ ಜೊತೆ ಅದರೊಳಗೆ ಮುಚ್ಚಿ ಬೇಯಿಸುವುದಂತೆ. ಅವರ ಊರಿನಲ್ಲಿ ಬಿಳಿ ವೈನ್ ಸುರಿಯುತ್ತಾರೆ. ಇಲ್ಲಿ ದ್ರಾಕ್ಷಿ ರಸಕ್ಕೆ ವಿನೆಗರ್ ಬೆರೆಸಿ ಇಪ್ಪತ್ತು ವರ್ಷದಿಂದ ಸುಧಾರಿಸಿದ್ದೇನೆ ಎಂದರು. "ಕೊತ್ತಂಬರಿ ಸೊಪ್ಪು ಇವರೂ ಹಾಕ್ತಾರಾ?" ಎಂದು ಫೆಲಿಕ್ಸ್ ಹಿಗ್ಗಿದ. ತೆರೆಸಾ ಆಲೂಗೆಡ್ಡೆಗೆ ಬಟಾಟಾ ಎಂದರು, ಮೇಜಿಗೆ ಮೇಜಾ ಎಂದರು, ಕಿಟಕಿಗೆ ಹೇಳಿದ ಮಾತು ಫೆಲಿಕ್ಸನ ಕೊಂಕಣಿಯ ಜನೇಲೇ ಆಗಿತ್ತು. ಅವನು ಅಡುಗೆಮನೆಯ ಒಂದೊಂದೇ ವಸ್ತುವಿಗೆ ಬೆರಳು ತೋರಿಸಿ ಹೆಸರು ಕೇಳುತ್ತ ಹೋದ. ಹತ್ತು ತಿಂಗಳಲ್ಲಿ ಅವನು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಹನ್ನೆರಡು ಗಂಟೆಗೆ ತೆರೆಸಾರ ಮಗಳು ಲಿಸ್ಬನ್‌ನಿಂದ ಫೋನ್ ಮಾಡಿದಳು. ಅವರು ಬಾಲ್ಕನಿಗೆ ಹೋದರು. ಹೋಗುವಾಗ, "ಕ್ಲಾಮ್ಸ್ ರೆಡಿ ಮಾಡಿಡು, ಶೆಫ್" ಎಂದರು.

ಫೆಲಿಕ್ಸ್ ರೆಡಿ ಮಾಡಿದ. ನಮ್ಮ ಕಡೆ ಮರುವಾಯಿಯನ್ನು ರೆಡಿ ಮಾಡುವುದೆಂದರೆ ಒಂದೇ ಅರ್ಥ: ಕತ್ತಿಯ ತುದಿಯಿಂದ ಹಸಿಯಾಗಿಯೇ ಬಾಯಿ ಬಿಡಿಸಿ, ಮಾಂಸವಿರುವ ಚಿಪ್ಪನ್ನು ಇಟ್ಟುಕೊಂಡು, ಖಾಲಿ ಚಿಪ್ಪನ್ನು ಎಸೆಯುವುದು. ಶಾಂಭವಿ ನದಿಯಲ್ಲಿ ಬೆಳಿಗ್ಗೆ ಹೆಕ್ಕಿದ್ದು ಹತ್ತು ಗಂಟೆಗೆ ಅಡುಗೆಮನೆಯಲ್ಲಿರುತ್ತದೆ. ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ಕೇಳುವ ಪ್ರಸಂಗ ಬರುವುದಿಲ್ಲ. ಅವನ ಕೈ ಯಂತ್ರದಂತೆ ನಡೆಯಿತು. ರಶೀದಾ ಪಕ್ಕದಲ್ಲಿ ನಿಂತು, "ನಮ್ಮಲ್ಲೂ ಹೀಗೇ, ನನ್ನ ಅತ್ತೆ ಇನ್ನೂ ಸ್ಪೀಡ್" ಎಂದು ಕೆಣಕಿದರು. "ನಿಮ್ಮ ಅತ್ತೆಯನ್ನು ಕರೀರಿ, ಕಾಂಪಿಟಿಷನ್ ಮಾಡುವ" ಎಂದ ಅವನು. ಅರ್ಧ ಗಂಟೆಯಲ್ಲಿ ಎರಡು ಕಿಲೋ ಮುಗಿಯಿತು. ನಾನು ನೋಡುತ್ತಲೇ ಇದ್ದೆ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ತೆರೆಸಾ ಒಳಗೆ ಬಂದು ಬೋಗುಣಿ ನೋಡಿದರು. ಬೈಯಲಿಲ್ಲ. ಕುರ್ಚಿ ಎಳೆದು ಕುಳಿತರು.

"ಇವು ಪಾತ್ರೆಯೊಳಗೆ ತಾವಾಗಿಯೇ ಬಾಯಿ ತೆರೆಯಬೇಕಿತ್ತು," ಎಂದರು. "ತೆರೆಯದ್ದನ್ನು ಎಸೆಯುತ್ತೇವೆ. ಅದು ಮೊದಲೇ ಸತ್ತದ್ದು, ವಿಷ. ನೀನು ಎಲ್ಲವನ್ನೂ ತೆರೆದುಬಿಟ್ಟೆ. ಪ್ರಯಾಣ ಮಾಡಿ ಬಂದ ಪೆಟ್ಟಿಗೆ ಇದು. ಕತ್ತಿ ಹಾಕಿದಾಗ ಎಲ್ಲವೂ ಬಿಗಿಯಾಗಿದ್ದವಾ?"

ಫೆಲಿಕ್ಸ್ ಕತ್ತಿಯನ್ನು ಮೇಜಿನ ಮೇಲಿಟ್ಟ. ಆಮೇಲೆ, "ನೋಡ್ಲಿಲ್ಲ ಮೇಡಂ. ಮಾತಾಡ್ತಾ ಇದ್ದೆ" ಎಂದ.

ತೆರೆಸಾ ಗಡಿಯಾರ ನೋಡಿದರು. ಹನ್ನೆರಡೂವರೆ. "ಸರಿ. ಒಂದೊಂದನ್ನೂ ಮೂಸು. ನೀನು ಶೆಫ್, ನಿನ್ನ ಮೂಗನ್ನು ನಾನು ನಂಬುತ್ತೇನೆ." ಅಷ್ಟು ಹೇಳಿ ರಶೀದಾರನ್ನು ಕರೆದುಕೊಂಡು, ಹಮ್ಮೂರ್ ಸುಡುವ ಕೆಂಡ ಹೊತ್ತಿಸಲು ಬಾಲ್ಕನಿಗೆ ಹೋದರು.

ಅವನು ಬೋಗುಣಿಯನ್ನು ನನ್ನ ಮುಂದೆ ಸರಿಸಿದ. ನಾನು ಶುರು ಮಾಡಿದೆ. ಒಂದು ಎತ್ತುವುದು, ಮೂಸುವುದು, ಬಲಗಡೆಯ ತಟ್ಟೆಗೆ ಹಾಕುವುದು. ಮೊದಲ ಮೂವತ್ತರಲ್ಲಿ ಸಮುದ್ರದ ವಾಸನೆ ಇತ್ತು. ನಲವತ್ತರ ನಂತರ ನನ್ನ ಬೆರಳಿನ ವಾಸನೆ ಮಾತ್ರ ಬಂತು. ಕೈ ತೊಳೆದು, ಬಾಲ್ಕನಿಯ ಬಾಗಿಲಲ್ಲಿ ಉಸಿರೆಳೆದುಕೊಂಡು ಬಂದೆ. ಒಂದು ಚಿಪ್ಪಿನ ಬಗ್ಗೆ ಅನುಮಾನ ಬಂತು. ಅದರ ಮಾಂಸವನ್ನು ಕಸಕ್ಕೆ ಕೆರೆದು, ಚಿಪ್ಪನ್ನು ತೊಳೆದು ಜಾಕೆಟಿನ ಜೇಬಿಗೆ ಹಾಕಿಕೊಂಡೆ, ಯಾಕೆಂದು ಈಗಲೂ ಹೇಳಲಾರೆ. ಆಮೇಲೆ ಪ್ರತಿಯೊಂದರ ಬಗ್ಗೆಯೂ ಅನುಮಾನ. ಬಲಗಡೆಯ ತಟ್ಟೆಯಲ್ಲಿ ಹಾಕಿ ಆಗಿದ್ದವನ್ನೂ ವಾಪಸ್ ತೆಗೆದು ಮೂಸಿದೆ. ಹೊರಗೆ ರಶೀದಾ ಡಬ್ಬಿಯ ಮುಚ್ಚಳ ಒರೆಸುತ್ತಿದ್ದರು.

ಡೆಸ್ಕಿನಲ್ಲಿದ್ದಾಗ ಖಚಿತವಿಲ್ಲದ ಸುದ್ದಿಯನ್ನು ಪುಟದಿಂದ ಕಿತ್ತುಹಾಕಿ, ಆ ಜಾಗಕ್ಕೆ ಹವಾಮಾನ ವರದಿಯನ್ನು ದೊಡ್ಡಕ್ಷರದಲ್ಲಿ ಹಾಕುತ್ತಿದ್ದೆ. ಅದಕ್ಕೆ ಧೈರ್ಯವೇನೂ ಬೇಕಿರಲಿಲ್ಲ. ಇಲ್ಲಿ ಕಿತ್ತುಹಾಕಿದರೆ ಹೋಗುವುದು ಫೆಲಿಕ್ಸನ ಕೆಲಸ.

"ನನಗೆ ಗೊತ್ತಾಗ್ತಾ ಇಲ್ಲ," ಎಂದೆ.

"ಗೊತ್ತಾಗುದಿಲ್ವಾ, ಹಾಳಾಗಿದೆಯಾ?"

"ಗೊತ್ತಾಗುದಿಲ್ಲ ಫೆಲಿಕ್ಸ್. ಒಳ್ಳೇದು ಅಂತ ನಾನು ಹೇಳ್ಲಾರೆ. ಕೆಟ್ಟದು ಅಂತಲೂ ಹೇಳ್ಲಾರೆ."

ಅವನು ನನ್ನನ್ನು ನೋಡಿದ, ಬೋಗುಣಿಯನ್ನು ನೋಡಿದ. "ಆ ಹೆಂಗಸು ಮಕ್ಕಳಿಗೆ ಅಂತ ಡಬ್ಬಿ ಬೇರೆ ತಂದಿದೆ," ಎಂದು ತನಗೇ ಎಂಬಂತೆ ಹೇಳಿಕೊಂಡ. ಬೋಗುಣಿಯನ್ನೂ ತಟ್ಟೆಯನ್ನೂ ಎತ್ತಿ ಕಸದ ಚೀಲಕ್ಕೆ ಸುರಿದು, ಚೀಲದ ಬಾಯಿ ಕಟ್ಟಿದ. ಕೈ ಒರೆಸಿಕೊಂಡು ಬಾಲ್ಕನಿಗೆ ಹೋದ.

"ಮೇಡಂ, ಮರುವಾಯಿ ಎಲ್ಲ ಬಿಸಾಡಿದೆ. ನನಗೆ ಒಂದು ವರ್ಷದಿಂದ ವಾಸನೆ ಬರುದಿಲ್ಲ. ಬೆಳಿಗ್ಗೆಯಿಂದ ಮೂಸಿದ್ದು ಇವನು."

ರಶೀದಾರ ಕೈ ಮುಚ್ಚಳದ ಮೇಲೆಯೇ ನಿಂತಿತು. ತೆರೆಸಾ ನನ್ನತ್ತ ತಿರುಗಿ ತಲೆಯಿಂದ ಕಾಲಿನವರೆಗೆ ನೋಡಿದರು. "ನಾನು ಇವನನ್ನು ನಿನ್ನ ತಮ್ಮ ಅಂದುಕೊಂಡಿದ್ದೆ. ಬಿಟ್ಟಿರಲಾರದವನು." ಆಮೇಲೆ ಫೆಲಿಕ್ಸನಿಗೆ, "ಒಂದು ಗಂಟೆ ಇದೆ. ಸಿಗಡಿ ಇದೆ, ಅಕ್ಕಿ ಇದೆ. ಏನು ಮಾಡಬಲ್ಲೆ? ನಿನ್ನ ಶೆಫ್‌ಗೆ ನಾನು ಏನನ್ನೂ ಹೇಳುವುದಿಲ್ಲ, ಏನನ್ನೂ ಮುಚ್ಚುವುದೂ ಇಲ್ಲ. ಯಲ್ಲಾ."

ಅವನು ಸಿಗಡಿಯ ತಲೆಗಳನ್ನು ಹುರಿದು, ಅರೆದು, ಸೋಸಿ, ಆ ಕೆಂಪು ರಸದಲ್ಲಿ ಅನ್ನ ಬೇಯಿಸಿದ. ತೆರೆಸಾ ಪಕ್ಕದಲ್ಲಿ ನಿಂತು ಹೇಳಿದರು, ಮುಟ್ಟಲಿಲ್ಲ. ಎರಡು ಗಂಟೆ ಹತ್ತು ನಿಮಿಷಕ್ಕೆ ಶೆಫ್ ಬಂದರು. ಎತ್ತರದ ಲೆಬನಾನಿ, ಮಾತು ಕಡಿಮೆ. ಒಂದು ತಟ್ಟೆ ತಿಂದರು, ಮತ್ತೆ ಅರ್ಧ ತಟ್ಟೆ ಹಾಕಿಸಿಕೊಂಡರು. ಅವರು ಚಮಚ ಕೆಳಗಿಟ್ಟ ಮೇಲೆ ಫೆಲಿಕ್ಸ್ ಕೈಕಟ್ಟಿ ನಿಂತು, ಬಾಲ್ಕನಿಯಲ್ಲಿ ಹೇಳಿದ್ದನ್ನೇ ಹೇಳಿದ. ನನ್ನನ್ನು ಮಾತ್ರ ಬಿಟ್ಟ.

"ನಿಮಗೆ ಇದು ಗೊತ್ತಿತ್ತಾ?" ಎಂದು ಶೆಫ್ ತೆರೆಸಾರನ್ನು ಕೇಳಿದರು.

"ಒಂದು ಗಂಟೆಯಿಂದ."

"ಇದನ್ನು ಮಾಡಿದ್ದು ಇವನೇ?"

"ನಾನು ಉಪ್ಪನ್ನೂ ಹಾಕಲಿಲ್ಲ."

ಶೆಫ್ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದರು. "ಬುಕ್ರಾ," ಎಂದರು. ನಾಳೆ. ಆ ನಾಳೆ ಹನ್ನೆರಡು ದಿನದ ನಂತರ ಬಂತು. ಆ ಹನ್ನೆರಡು ದಿನ ಐದನೇ ಮಹಡಿಯಿಂದ ಯಾರು ಇಳಿದರೂ ಹೆಜ್ಜೆಯ ಸದ್ದಿನಲ್ಲಿ ಸುದ್ದಿ ಹುಡುಕುತ್ತಿದ್ದೆ. ಅವನನ್ನು ಉಳಿಸಿಕೊಂಡರು. ಬಂದ ಮೀನನ್ನು ಮೂಸಿ ಸಹಿ ಹಾಕುವ ಕೆಲಸ ಶ್ರೀಲಂಕಾದ ಸಹೋದ್ಯೋಗಿಯೊಬ್ಬಳಿಗೆ; ಒಲೆ ಇವನಿಗೆ. ಒಂದು ವರ್ಷ ನೋಡೋಣ ಎಂದಿದ್ದರು.

ನನ್ನಲ್ಲಿ ಆದ ಬದಲಾವಣೆಯೂ ವರದಿಗೆ ಸೇರಬೇಕು. ಆಫೀಸಿನಲ್ಲಿ ಯಾವುದಾದರೂ ಅಂಕಿಯ ಬಗ್ಗೆ ಕೇಳಿದರೆ ನನಗೆ ಗೊತ್ತಿಲ್ಲ ಎಂದು ಈಗ ಬೇಗ ಹೇಳುತ್ತೇನೆ. ಹೇಳಿದ ಮೇಲೆ ಅದರಿಂದ ಯಾರಿಗೆ ಏನಾಗುತ್ತದೆ ಎಂದು ಮೊದಲಿಗಿಂತ ಹೆಚ್ಚು ಹೊತ್ತು ಯೋಚಿಸುತ್ತೇನೆ.

ಫೆಲಿಕ್ಸನ ಇಕಾಮಾ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಇವತ್ತು ಬೆಳಿಗ್ಗೆ ಒಂಬತ್ತು ಗಂಟೆಗೆ ಹೋಟೆಲಿನ ಕಚೇರಿಯಿಂದ ಅವನಿಗೆ ಫೋನ್ ಬಂತು. ಪಾಸ್‌ಪೋರ್ಟ್ ತೆಗೆದುಕೊಂಡು ಬಾ ಎಂದರು, ಯಾಕೆಂದು ಹೇಳಲಿಲ್ಲ. ನವೀಕರಣಕ್ಕೂ ಪಾಸ್‌ಪೋರ್ಟ್ ಬೇಕು, ರದ್ದಿಗೂ ಬೇಕು. ಹತ್ತೂವರೆಗೆ ಅವನು ಬಸ್ ಹತ್ತಿದ. ಈಗ ಹನ್ನೆರಡೂ ಕಾಲು. ಅವನ ಫೋನ್ ಸ್ವಿಚ್ ಆಫ್ ಆಗಿದೆ.